ಅಟ್ಟದಿಂದಿಳಿದ ಸ್ಪೆಕ್ಟ್ರಮ್: ಪ್ಲಗ್ ಹಾಕುವ ಮುನ್ನ

ಬಸವನಗುಡಿಯ ಗೆಳೆಯನ ಮನೆಯಲ್ಲಿ ಬಣ್ಣ ಹೊಡೆಸಲು ಅಟ್ಟ ಖಾಲಿ ಮಾಡಿದರು. ದಸರಾ ಬೊಂಬೆಗಳ ಪೆಟ್ಟಿಗೆಯ ಹಿಂದೆ, ಹಳೆಯ ಪಂಚೆಯಲ್ಲಿ ಸುತ್ತಿದ ಒಂದು ಪುಟ್ಟ ಕಪ್ಪು ಹಲಗೆ ಸಿಕ್ಕಿತು. ಬೂದು ಬಣ್ಣದ ರಬ್ಬರ್ ಕೀಲಿಗಳು, ಮೂಲೆಯಲ್ಲಿ ಓರೆಯಾಗಿ ನಾಲ್ಕು ಬಣ್ಣದ ಪಟ್ಟೆ: ಝಡ್‌ಎಕ್ಸ್ ಸ್ಪೆಕ್ಟ್ರಮ್, 48ಕೆ. ಅಂದರೆ 48 ಕೆ.ಬಿ. ಮೆಮೊರಿಯ, ಟಿ.ವಿ.ಗೆ ಜೋಡಿಸಿ ಬಳಸುವ ಹಳೆಯ ಮನೆ ಕಂಪ್ಯೂಟರ್. ಗೆಳೆಯನ ತಂದೆ 1984ರಲ್ಲಿ ಕಚೇರಿ ಕೆಲಸದ ಮೇಲೆ ಲಂಡನ್ನಿಗೆ ಹೋದಾಗ ತಂದದ್ದು. ಅವರು ಈಗಿಲ್ಲ. ಜೊತೆಗಿದ್ದ ಕ್ಯಾಸೆಟ್ಟಿನ ಮೇಲೆ ಅವರದೇ ಕೈಬರಹದಲ್ಲಿ ‘ಲೆಕ್ಕ’ ಎಂದಷ್ಟೇ ಇತ್ತು. “ಇದರೊಳಗೆ ಏನಿದೆ ನೋಡಿ ಹೇಳಪ್ಪ” ಎಂದು ಗೆಳೆಯನ ತಾಯಿ ನನ್ನ ಕೈಗಿಟ್ಟರು.

ಗೆಳೆಯ ಅಷ್ಟರಲ್ಲಿ ಪ್ಲಗ್ ಹಿಡಿದು ಗೋಡೆಯ ಕಡೆ ಹೊರಟಿದ್ದ. ಅವನ ಕೈ ಹಿಡಿದು ನಿಲ್ಲಿಸಿದ್ದೇ ನಾನು ಆ ಯಂತ್ರಕ್ಕೆ ಮಾಡಿದ ಮೊದಲ ರಿಪೇರಿ.

ಇಲ್ಲಿ ಬರೆಯುತ್ತಿರುವುದು ರಬ್ಬರ್ ಕೀಲಿಗಳ 48ಕೆ ಸ್ಪೆಕ್ಟ್ರಮ್‌ನ ಬಗ್ಗೆ. 1984ರ ಕೊನೆಗೆ ಬಂದ ಸ್ಪೆಕ್ಟ್ರಮ್ ಪ್ಲಸ್‌ಗೂ, ನಮ್ಮಲ್ಲಿ ಡಿಬಿ ಸ್ಪೆಕ್ಟ್ರಮ್ ಎಂಬ ಹೆಸರಿನಲ್ಲಿ ಮಾರಾಟವಾದದ್ದಕ್ಕೂ ಕೀಬೋರ್ಡಿನ ಭಾಗ ಬಿಟ್ಟು ಉಳಿದದ್ದು ಅನ್ವಯಿಸುತ್ತದೆ. ಬೇರೆ ಯಂತ್ರವಾದರೆ ಬಿಡಿಭಾಗಗಳ ಸಂಖ್ಯೆ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ. ಗೋಡೆಯ ಪ್ಲಗ್ಗಿನಿಂದ ಹೊರಟು ಒಳಗೆ ಹೋಗಬೇಕು. ಚಿಪ್ಪಿನಿಂದ ಹೊರಟವರು ದಾರಿ ತಪ್ಪುತ್ತಾರೆ. ಹಾಗೆ ತಪ್ಪಿದವರಲ್ಲಿ ನಾನೂ ಒಬ್ಬ.

ಮೊದಲು ಅಡಾಪ್ಟರ್

ಸ್ಪೆಕ್ಟ್ರಮ್‌ಗೆ ಬೇಕಾದದ್ದು 9 ವೋಲ್ಟ್ ಡಿ.ಸಿ., 1.4 ಆಂಪಿಯರ್. ಇಲ್ಲಿಯವರೆಗೆ ಸರಳ. ಆದರೆ ಅದರ ಪಿನ್ನಿನ ಒಳಭಾಗ ಋಣ, ಹೊರಭಾಗ ಧನ. ಈಗ ಅಂಗಡಿಯಲ್ಲಿ ಸಿಗುವ ಅಡಾಪ್ಟರುಗಳಲ್ಲಿ ಬಹುಪಾಲು ಇದಕ್ಕೆ ಉಲ್ಟಾ. ಪಿನ್ನು ಅದೇ ಗಾತ್ರ, ವೋಲ್ಟೇಜ್ ಅದೇ, ತೂತಿಗೆ ಚೆನ್ನಾಗಿ ಕೂರುತ್ತದೆ, ಯಂತ್ರ ಮಾತ್ರ ಸಾಯುತ್ತದೆ. ತಿರುವುಮುರುವಾದ ವಿದ್ಯುತ್ತನ್ನು ತಡೆಯುವ ಡಯೋಡ್ ಇದರೊಳಗಿಲ್ಲ. ರಿಪೇರಿಗೆಂದು ನನ್ನ ಮೇಜಿಗೆ ಬಂದ ಸ್ಪೆಕ್ಟ್ರಮ್‌ಗಳಲ್ಲಿ ಅಟ್ಟದ ಮೇಲೆ ತಾನಾಗಿ ಕೆಟ್ಟವುಗಳಿಗಿಂತ, ಕೆಳಗಿಳಿಸಿದ ದಿನ ಹೀಗೆ ಸತ್ತವೇ ಹೆಚ್ಚು.

ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳು ಸಿಗುವ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ 9 ವೋಲ್ಟ್ ಅಡಾಪ್ಟರ್ ಕೇಳಿದೆ. “ಪಿನ್ನಿನ ಒಳಗಡೆ ಮೈನಸ್ ಬೇಕು” ಎಂದಾಗ ಮಾಲೀಕರು, “ಹಾಗೆ ಯಾರೂ ಕೇಳುವುದಿಲ್ಲವಲ್ಲ ಸಾರ್, ಗಿಟಾರ್‌ಗಾ?” ಎಂದರು. ಅವರ ಊಹೆ ಬಹಳ ಹತ್ತಿರದ್ದು. ಗಿಟಾರ್ ಪೆಡಲ್‌ಗಳ ಅಡಾಪ್ಟರ್ ಕೂಡ ಒಳಗೆ ಋಣವೇ. ಆದರೆ ಅವುಗಳಲ್ಲಿ ಹೆಚ್ಚಿನವು ಇಷ್ಟು ಆಂಪಿಯರ್ ಕೊಡುವುದಿಲ್ಲ. 9 ವೋಲ್ಟ್, 2 ಆಂಪಿಯರ್‌ನ ಸಾಮಾನ್ಯ ಅಡಾಪ್ಟರ್ ತಂದು, ಪಿನ್ನಿನ ಹತ್ತಿರ ವೈರ್ ಕತ್ತರಿಸಿ, ಎರಡೂ ತಂತಿಗಳನ್ನು ಅದಲು ಬದಲು ಮಾಡಿ ಬೆಸೆದು, ಮೇಲೆ ಕೊಳವೆ ಹಾಕಿ ಬಿಸಿ ಮಾಡಿ ಮುಚ್ಚಿ. ಆ ಮೇಲೆ ಅದರ ಮೈಮೇಲೆ ‘ಸ್ಪೆಕ್ಟ್ರಮ್ ಮಾತ್ರ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಅದನ್ನು ವೈ-ಫೈ ಪೆಟ್ಟಿಗೆಗೆ ಚುಚ್ಚುತ್ತಾರೆ.

ಮೂಲ ಅಡಾಪ್ಟರೇ ಇದ್ದರೆ ಅದನ್ನು ಹಾಗೆಯೇ ನಂಬಬೇಡಿ. ಒಳಗಿರುವುದು ಒಂದು ಟ್ರಾನ್ಸ್‌ಫಾರ್ಮರ್, ಡಯೋಡುಗಳು, ಒಂದು ಕೆಪಾಸಿಟರ್, ಅಷ್ಟೇ. ಮೊದಲ ಸಲ ಅದನ್ನು ಸೀರೀಸ್ ಬಲ್ಬ್ ಮೂಲಕ ಹಾಕಿ. ನಮ್ಮ ಬಡಾವಣೆಯ ಎಲೆಕ್ಟ್ರಿಷಿಯನ್ನರೆಲ್ಲರ ಬಳಿ ಇರುವ ಹಲಗೆ ಅದು: ಒಂದು ಹೋಲ್ಡರ್, ಒಂದು ಸಾಕೆಟ್, ನಡುವೆ 60 ವ್ಯಾಟ್‌ನ ಹಳೆಯ ತಂತಿ ಬಲ್ಬು. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ. ಬಲ್ಬು ಒಮ್ಮೆ ಮಿನುಗಿ ಆರಿದರೆ ಟ್ರಾನ್ಸ್‌ಫಾರ್ಮರ್ ಸರಿಯಿದೆ. ಪೂರ್ತಿ ಉರಿಯುತ್ತ ನಿಂತರೆ ಒಳಗೆ ಶಾರ್ಟ್ ಆಗಿದೆ, ಆ ಅಡಾಪ್ಟರನ್ನು ಅಲ್ಲಿಗೇ ಬಿಡಿ.

ಬಲ್ಬಿನ ಪರೀಕ್ಷೆಯಲ್ಲಿ ಗೆದ್ದರೆ ನೇರ ಪ್ಲಗ್ಗಿಗೆ ಹಾಕಿ, ಸ್ಪೆಕ್ಟ್ರಮ್‌ಗೆ ಜೋಡಿಸದೆ ಹೊರಬರುವ ವೋಲ್ಟೇಜ್ ಅಳೆಯಿರಿ. ಮಲ್ಟಿಮೀಟರ್ 9 ತೋರಿಸುವುದಿಲ್ಲ, ಅದಕ್ಕಿಂತ ಸಾಕಷ್ಟು ಹೆಚ್ಚು ತೋರಿಸುತ್ತದೆ. ಗಾಬರಿ ಬೇಡ. ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿಯುವ ರೆಗ್ಯುಲೇಟರ್ ಒಳಗಿಲ್ಲದ ಅಡಾಪ್ಟರ್ ಹೊರೆಯಿಲ್ಲದಾಗ ಹಾಗೆಯೇ. ಮುಂದೆ ಯಂತ್ರ ಜೋಡಿಸಿದಾಗ ಮೀಟರನ್ನು ಎ.ಸಿ.ಗೆ ತಿರುಗಿಸಿ ಇನ್ನೊಮ್ಮೆ ಅಳೆಯುವುದು ನನ್ನ ಅಭ್ಯಾಸ. ಒಂದೆರಡು ವೋಲ್ಟಿಗಿಂತ ಜಾಸ್ತಿ ಎ.ಸಿ. ಕಂಡರೆ ಅಡಾಪ್ಟರಿನ ಕೆಪಾಸಿಟರ್ ಒಣಗಿದೆ. ಆದರೆ ಆ ಅಳತೆ ಆಮೇಲಿನದು, ಇನ್ನೂ ಯಂತ್ರಕ್ಕೆ ವಿದ್ಯುತ್ ಕೊಟ್ಟಿಲ್ಲ.

ತೆರೆಯುವುದು

ತಳದಲ್ಲಿ ಐದು ಸ್ಕ್ರೂ. ಅವನ್ನು ಬಿಚ್ಚಿ ಮೇಲಿನ ಮುಚ್ಚಳವನ್ನು ಸರಕ್ಕನೆ ಎತ್ತಬೇಡಿ. ಮುಚ್ಚಳಕ್ಕೂ ಬೋರ್ಡಿಗೂ ನಡುವೆ ಕೀಬೋರ್ಡಿನ ಎರಡು ಪ್ಲಾಸ್ಟಿಕ್ ಬಾಲಗಳಿವೆ. ನಲವತ್ತು ವರ್ಷದ ಪ್ಲಾಸ್ಟಿಕ್ ಹಪ್ಪಳದ ಹಾಗೆ ಆಗಿರುತ್ತದೆ, ಮಡಿಸಿದಲ್ಲಿ ಮುರಿಯುತ್ತದೆ. ಮುಚ್ಚಳವನ್ನು ಎರಡು ಬೆರಳಿನಷ್ಟು ಎತ್ತಿ, ಬಾಲಗಳನ್ನು ನೇರ ಮೇಲಕ್ಕೆ, ಓರೆ ಮಾಡದೆ ಎಳೆದು ತೆಗೆಯಿರಿ.

ಬೆಂಗಳೂರಿನ ಅಟ್ಟ ಕರಾವಳಿಯಷ್ಟು ಕೆಟ್ಟದ್ದಲ್ಲ. ಉಪ್ಪಿನ ಗಾಳಿ ಇಲ್ಲ, ತುಕ್ಕು ಕಡಿಮೆ. ಆದರೆ ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವ ಇದೆ, ಜಿರಲೆ ಇದೆ. ಗೆಳೆಯನ ಯಂತ್ರದೊಳಗೆ ಹಲ್ಲಿಯ ಮೊಟ್ಟೆಯ ಎರಡು ಚಿಪ್ಪುಗಳು, ಜಿರಲೆಯ ಹಿಕ್ಕೆ, ಬಿಸಿ ಹೊರಹಾಕುವ ಲೋಹದ ತಗಡಾದ ಹೀಟ್‌ಸಿಂಕ್‌ನ ಕೆಳಗೆ ಒಂದು ಬತ್ತದ ಕಾಳು. ಒಣ ಬ್ರಷ್ಷಿನಿಂದ ಗುಡಿಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಹಿಕ್ಕೆ ಬರೀ ಗಲೀಜಲ್ಲ, ತೇವ ಹೀರಿದರೆ ವಿದ್ಯುತ್ ಹರಿಯುತ್ತದೆ, ತಾಮ್ರವನ್ನೂ ತಿನ್ನುತ್ತದೆ. ಬೋರ್ಡನ್ನು ಹಿಡಿದಿರುವುದು ನಡುವಿನ ಒಂದೇ ಸ್ಕ್ರೂ. ಅದನ್ನೂ ತೆಗೆದು ಹಿಂಭಾಗ ನೋಡಿ. ಯಾರಾದರೂ ಹಿಂದೆ ಕೈಯಾಡಿಸಿದ್ದರೆ ಬೆಸುಗೆಯ ಬಣ್ಣ, ಉಂಡೆಗಳ ಆಕಾರ ಹೇಳಿಬಿಡುತ್ತವೆ.

ಮೊಬೈಲಿನಲ್ಲಿ ಎಲ್ಲ ಕೋನಗಳಿಂದ ಫೋಟೊ ತೆಗೆದಿಟ್ಟುಕೊಳ್ಳಿ, ಮುಖ್ಯವಾಗಿ ಕೆಪಾಸಿಟರುಗಳ ಧನ, ಋಣದ ಗುರುತು ಕಾಣುವಂತೆ. ಮೂರು ದಿನ ಬಿಟ್ಟು ಕೂತಾಗ ಯಾವುದೂ ನೆನಪಿರುವುದಿಲ್ಲ.

ವಿದ್ಯುತ್ ಕೊಡುವ ಮೊದಲು ಒಂದು ಅಳತೆ, ಕೊಟ್ಟ ಮೇಲೆ ನಾಲ್ಕು

ಬೋರ್ಡಿನಲ್ಲಿ ಅಲ್ಯೂಮಿನಿಯಂ ತಗಡಿಗೆ ಬಿಗಿದಿರುವ ಮೂರು ಕಾಲಿನ ಬಿಡಿಭಾಗವೇ 7805, 5 ವೋಲ್ಟಿನ ರೆಗ್ಯುಲೇಟರ್. ಅದರ ಲೋಹದ ಬೆನ್ನು ಗ್ರೌಂಡ್. ಮೀಟರನ್ನು ಓಮ್‌ಗೆ ಇಟ್ಟು ಒಂದು ಕಡ್ಡಿಯನ್ನು ಆ ಬೆನ್ನಿಗೆ, ಇನ್ನೊಂದನ್ನು 5 ವೋಲ್ಟ್ ಹೊರಬರುವ ಕಾಲಿಗೆ ಇಡಿ. ಸೊನ್ನೆಯ ಹತ್ತಿರ ಬಂದರೆ ಎಲ್ಲೋ ಶಾರ್ಟ್ ಇದೆ, ವಿದ್ಯುತ್ ಕೊಡಬೇಡಿ. ಸೊನ್ನೆಯಿಂದ ದೂರವಿದ್ದರೆ ಧೈರ್ಯವಾಗಿ ಅಡಾಪ್ಟರ್ ಚುಚ್ಚಿ. ಸ್ಪೆಕ್ಟ್ರಮ್‌ಗೆ ಸ್ವಿಚ್ ಇಲ್ಲ, ಆದ್ದರಿಂದ ಗೋಡೆಯ ಸ್ವಿಚ್ಚಿನ ಪಕ್ಕದಲ್ಲೇ ಕೂತು ಕೆಲಸ ಮಾಡುವುದು ಕ್ಷೇಮ. ಟಿ.ವಿ. ಇನ್ನೂ ಬೇಡ.

ಮೊದಲ ಕ್ಷಣಗಳಲ್ಲಿ ಮೂಗೇ ಮೀಟರು. ವಾಸನೆ ಬಂದರೆ ತಕ್ಷಣ ಆರಿಸಿ. ಬರದಿದ್ದರೆ ಅಳೆಯಿರಿ.

ಈ ಯಂತ್ರದ ಮೊದಲ 16 ಕೆ.ಬಿ. ಮೆಮೊರಿ ಎಂಟು 4116 ಚಿಪ್ಪುಗಳಲ್ಲಿದೆ. ಬೋರ್ಡಿನ ಮೇಲೆ ಐಸಿ6ರಿಂದ ಐಸಿ13ರವರೆಗಿನ ಸಾಲು. ಈ ಚಿಪ್ಪಿಗೆ ಒಂದಲ್ಲ, ಮೂರು ವೋಲ್ಟೇಜ್ ಬೇಕು. 1ನೇ ಕಾಲಿನಲ್ಲಿ ಮೈನಸ್ 5, 8ನೇ ಕಾಲಿನಲ್ಲಿ 12, 9ನೇ ಕಾಲಿನಲ್ಲಿ 5, 16ನೆಯದು ಗ್ರೌಂಡ್. ಸ್ಪೆಕ್ಟ್ರಮ್‌ನ ರೋಗಗಳಲ್ಲಿ ಮುಕ್ಕಾಲು ಪಾಲು ಈ ಸಾಲಿನಲ್ಲಿ ಸಿಗುತ್ತವೆ, ಆದ್ದರಿಂದ ಇಲ್ಲಿ ಅವಸರ ಬೇಡ. ಕಪ್ಪು ಕಡ್ಡಿಯನ್ನು 7805ರ ಬೆನ್ನಿಗೆ ಕ್ಲಿಪ್ಪಿನಿಂದ ಕಚ್ಚಿಸಿ, ಕೆಂಪು ಕಡ್ಡಿಯೊಂದನ್ನೇ ಕೈಯಲ್ಲಿ ಹಿಡಿಯಿರಿ.

ಕೆಂಪು ಕಡ್ಡಿಯ ಬಗ್ಗೆ ಒಂದು ಮಾತು. ಮೊದಲ ಸ್ಪೆಕ್ಟ್ರಮ್ ರಿಪೇರಿಯಲ್ಲಿ ನನ್ನ ಕಡ್ಡಿ ಜಾರಿ 1ನೇ ಕಾಲನ್ನೂ 2ನೇ ಕಾಲನ್ನೂ ಒಟ್ಟಿಗೆ ಮುಟ್ಟಿತು. ಕಿಡಿಯಿಲ್ಲ, ಸದ್ದಿಲ್ಲ, ಹೊಗೆಯಿಲ್ಲ. ಅಲ್ಲಿಯವರೆಗೆ ಆರೋಗ್ಯವಾಗಿದ್ದ ಒಂದು ಚಿಪ್ಪು ಹೋಯಿತು. ರೋಗಿಯನ್ನು ನೋಡಲು ಹೋಗಿ ಮನೆಯವರಿಗೂ ಜ್ವರ ಹತ್ತಿಸಿದ ಹಾಗಾಯಿತು. ಐಟಿಐ ಕಾರ್ಖಾನೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ಬೋರ್ಡುಗಳ ಕೆಲಸ ಮಾಡಿ ನಿವೃತ್ತರಾದ ನೆರೆಮನೆಯ ಹಿರಿಯರು ಇದನ್ನು ಕೇಳಿ, ನನ್ನ ಮೀಟರಿನ ಕಡ್ಡಿಗೆ ಬಿಸಿಗೆ ಕುಗ್ಗುವ ಕೊಳವೆ ಹಾಕಿ, ತುದಿಯಲ್ಲಿ ಸಾಸಿವೆ ಕಾಳಿನಷ್ಟು ಲೋಹ ಮಾತ್ರ ಬಿಟ್ಟುಕೊಟ್ಟರು. “ಕಡ್ಡಿ ಇಷ್ಟೇ ಕಾಣಬೇಕು, ಕೈ ನಡುಗುವುದು ಎಲ್ಲರಿಗೂ ಇದ್ದದ್ದೇ” ಎಂದರು. ಆ ಕಡ್ಡಿಯನ್ನೇ ಇಂದಿಗೂ ಬಳಸುತ್ತೇನೆ.

ಈಗ ಅಳತೆ ಏನು ಹೇಳುತ್ತದೆ ನೋಡೋಣ.

5 ವೋಲ್ಟ್ ಇಲ್ಲ, ಆದರೆ 7805ರ ಒಳಗಾಲಿನಲ್ಲಿ 9ರ ಆಸುಪಾಸು ಇದೆ ಎಂದರೆ ರೆಗ್ಯುಲೇಟರ್ ಹೋಗಿದೆ. ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಹಾಕುವಾಗ ಹೀಟ್‌ಸಿಂಕ್‌ಗೆ ಹೊಸ ಪೇಸ್ಟ್ ಹಚ್ಚಿ. 7805ರ ಜಾಗದಲ್ಲೇ ಕೂರುವ, ಬಿಸಿಯಾಗದ ಸ್ವಿಚಿಂಗ್ ಮಾಡ್ಯೂಲ್‌ಗಳೂ ಬಂದಿವೆ. ದುಬಾರಿ, ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಈ ಯಂತ್ರದ ಬಲಭಾಗ ಮುಟ್ಟಿದವರಿಗೆ ಅದರ ಬೆಲೆ ಅರ್ಥವಾಗುತ್ತದೆ.

5 ಇದೆ, 12 ಇಲ್ಲ ಅಥವಾ 9ರ ಹತ್ತಿರವೇ ನಿಂತಿದೆ, ಮೈನಸ್ 5 ಇಲ್ಲ: ಇದು ಸ್ಪೆಕ್ಟ್ರಮ್‌ನ ಕುಲರೋಗ. ಒಂದು ಪುಟ್ಟ ಸುರುಳಿ, ಎರಡು ಟ್ರಾನ್ಸಿಸ್ಟರುಗಳು ಸೇರಿ 9 ವೋಲ್ಟಿನಿಂದ ಈ ಎರಡನ್ನೂ ಹುಟ್ಟಿಸುತ್ತವೆ. ಟಿಆರ್4 ಎಂದು ಗುರುತಿರುವ ಟ್ರಾನ್ಸಿಸ್ಟರ್ ಮೊದಲು ಸಾಯುತ್ತದೆ, ಅದರ ಜೊತೆ ಟಿಆರ್5 ಕೂಡ ಹೋಗಿರಬಹುದು, ಎರಡನ್ನೂ ಬದಲಿಸಿ. ಟಿಆರ್4ಕ್ಕೆ ಮೂಲದಲ್ಲಿರುವುದು ಝಡ್‌ಟಿಎಕ್ಸ್650, ಟಿಆರ್5ಕ್ಕೆ ಝಡ್‌ಟಿಎಕ್ಸ್213. ಬದಲಿ ಕೊಟ್ಟರೆ ಕಾಲುಗಳ ಕ್ರಮ ಒಂದೇ ಎಂದು ಅಂಗಡಿಯವರು ಹೇಳಿದ್ದನ್ನು ನಂಬದೆ ಡೇಟಾಶೀಟ್ ನೋಡಿ. ಸುರುಳಿ ಸುಟ್ಟು ಕಪ್ಪಾಗಿದ್ದರೆ ಅದನ್ನೂ ಬದಲಿಸಬೇಕು.

ಆದರೆ ಟಿಆರ್4 ಸುಮ್ಮನೆ ಸಾಯುವುದು ಅಪರೂಪ. ಯಂತ್ರ ಚಾಲೂ ಇರುವಾಗ ಹಿಂದಿನ ಅಂಚಿಗೆ ಏನನ್ನಾದರೂ ಚುಚ್ಚಿದ್ದರೆ, ಅಥವಾ 4116 ಚಿಪ್ಪೊಂದು ಒಳಗೆ ಶಾರ್ಟ್ ಆಗಿದ್ದರೆ, ಅದು ಎಳೆದ ಹೊರೆಗೆ ಇದು ಬಲಿಯಾಗುತ್ತದೆ. ಮೂಲ ಕಾರಣ ಬಿಟ್ಟು ಟ್ರಾನ್ಸಿಸ್ಟರ್ ಮಾತ್ರ ಬದಲಿಸಿದರೆ ಹೊಸದೂ ಹೋಗುತ್ತದೆ. ವಿಪರ್ಯಾಸವೆಂದರೆ ಇದು ಎರಡೂ ದಿಕ್ಕಿನಲ್ಲಿ ನಡೆಯುತ್ತದೆ: 12 ಇದ್ದು ಮೈನಸ್ 5 ಇಲ್ಲದಿದ್ದರೆ 4116 ಚಿಪ್ಪುಗಳೇ ಸುಟ್ಟುಹೋಗುತ್ತವೆ. ಆದ್ದರಿಂದ ಟ್ರಾನ್ಸಿಸ್ಟರ್ ಹಾಕುವ ಮೊದಲು ಓಮ್ ಮೀಟರಿನಿಂದ 12ರ ಸಾಲನ್ನೂ ಮೈನಸ್ 5ರ ಸಾಲನ್ನೂ ಗ್ರೌಂಡಿಗೆ ಅಳೆದು ಶಾರ್ಟ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಶಾರ್ಟ್ ಆದ ಚಿಪ್ಪನ್ನು ಹಿಡಿಯಲು ಹಳೆಯ ಉಪಾಯವಿದೆ. ಯಂತ್ರ ಹಾಕಿ ಅರ್ಧ ನಿಮಿಷ ಬಿಟ್ಟು ಆರಿಸಿ, ಎಂಟೂ ಚಿಪ್ಪುಗಳ ಬೆನ್ನ ಮೇಲೆ ಒಂದೊಂದು ತೊಟ್ಟು ಆಲ್ಕೊಹಾಲ್ ಹಾಕಿ. ಏಳರ ಮೇಲೆ ನಿಧಾನಕ್ಕೆ ಆರುತ್ತದೆ, ಒಂದರ ಮೇಲೆ ನೋಡನೋಡುತ್ತಿದ್ದಂತೆ ಮಾಯ. ಕಳ್ಳ ಅದೇ. ಎಲ್ಲವೂ ಬೆಚ್ಚಗಿರುವುದು ಸಹಜ, ಚಿತ್ರ, ಕೀಬೋರ್ಡುಗಳನ್ನು ನೋಡಿಕೊಳ್ಳುವ ದೊಡ್ಡ ಯುಎಲ್ಎ ಚಿಪ್ಪಂತೂ ಆರೋಗ್ಯವಾಗಿದ್ದಾಗಲೂ ಚೆನ್ನಾಗಿಯೇ ಬಿಸಿಯಾಗುತ್ತದೆ. ನೋಡಬೇಕಾದದ್ದು ಒಂದೇ ಸಾಲಿನೊಳಗಿನ ವ್ಯತ್ಯಾಸವನ್ನು.

ಹಳೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನು ಈ ಹಂತದಲ್ಲಿ ಒಟ್ಟಿಗೆ ಬದಲಿಸಿಬಿಡಿ ಎನ್ನುತ್ತೇನೆ. ಇಷ್ಟು ವರ್ಷಕ್ಕೆ ಒಣಗಿಲ್ಲವೆಂದರೂ ಒಣಗುವ ಹಾದಿಯಲ್ಲಿರುತ್ತವೆ. ಮೂಲದಲ್ಲಿರುವವು ಎರಡೂ ತುದಿಯಲ್ಲಿ ಕಾಲಿರುವ, ಮಲಗಿದ ಮಾದರಿಯವು. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ನಿಂತ ಮಾದರಿ. ಕಾಲು ಉದ್ದಕ್ಕೆ ಬಗ್ಗಿಸಿ ಮಲಗಿಸಿದರೆ ಕೆಲಸ ಮಾಡುತ್ತದೆ, ನೋಡಲು ಚೆನ್ನಾಗಿರುವುದಿಲ್ಲ.

ಎಸ್.ಪಿ. ರಸ್ತೆಗೆ ಕೆ.ಆರ್. ಮಾರುಕಟ್ಟೆ ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಭಾನುವಾರ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ. ಬೇಕಾದ್ದನ್ನು ಸಂಖ್ಯೆ, ವೋಲ್ಟ್, ಎಷ್ಟು ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಜನದಟ್ಟಣೆಯಲ್ಲಿ ‘ಅದೇ ಸಾರ್, ಹಳೇ ಕಂಪ್ಯೂಟರಿಗೆ ಹಾಕುವುದು’ ಎಂದು ವಿವರಿಸುತ್ತ ನಿಂತವರನ್ನು ಯಾರೂ ಮಾತಾಡಿಸುವುದಿಲ್ಲ. ರೆಗ್ಯುಲೇಟರ್, ಕೆಪಾಸಿಟರ್, 16 ಕಾಲಿನ ಐಸಿ ಸಾಕೆಟ್ ಕೊಳ್ಳಲು ಹತ್ತು ನಿಮಿಷ ಸಾಕು. 4116 ಮಾತ್ರ ಅಂಚೆಯಲ್ಲಿ ತರಿಸಬೇಕಾಗಬಹುದು.

ಟಿ.ವಿ.ಗೆ ಜೋಡಿಸುವುದು

ಸ್ಪೆಕ್ಟ್ರಮ್ ಚಿತ್ರವನ್ನು ಕಳಿಸುವುದು ಆಂಟೆನಾ ತಂತಿಯಲ್ಲಿ, ಯುಎಚ್ಎಫ್ 36ನೇ ಚಾನೆಲ್ಲಿನಲ್ಲಿ. ಮನೆಯ ಟಿ.ವಿ.ಯಲ್ಲಿ ಅನಲಾಗ್ ಟ್ಯೂನರ್ ಇದ್ದರೆ ಯಂತ್ರ ಹಾಕಿ ಆಟೊ ಟ್ಯೂನ್ ಕೊಡಿ, ಹುಡುಕಿಕೊಳ್ಳುತ್ತದೆ. ನಮ್ಮದೂ ಬ್ರಿಟನ್ನಿನಂತೆ ಪಾಲ್ ಎಂಬ ಬಣ್ಣದ ಟಿ.ವಿ. ಪದ್ಧತಿಯೇ ಆದ್ದರಿಂದ ಬಣ್ಣಕ್ಕೂ ತೊಂದರೆಯಿಲ್ಲ. ಧ್ವನಿ ಟಿ.ವಿ.ಯಲ್ಲಿ ಬರುವುದಿಲ್ಲ, ಅದು ಯಂತ್ರದೊಳಗಿನ ಪುಟ್ಟ ಸ್ಪೀಕರಿನದು.

ಚಿತ್ರ ಮರಳು ಮರಳಾಗಿದ್ದರೆ, ಅಥವಾ ಟಿ.ವಿ.ಗೆ ಟ್ಯೂನರ್ ಇಲ್ಲದಿದ್ದರೆ, ಚಿತ್ರವನ್ನು ಚಾನೆಲ್ಲಿಗೆ ಹೊಂದಿಸುವ ಲೋಹದ ಮಾಡ್ಯುಲೇಟರ್ ಡಬ್ಬಿಯನ್ನು ಬಳಸದೆ ವೀಡಿಯೊವನ್ನು ನೇರ ಹೊರತರಬೇಕು. ಡಬ್ಬಿಯೊಳಕ್ಕೆ ಎರಡು ತಂತಿ ಹೋಗುತ್ತವೆ: ಒಂದು 5 ವೋಲ್ಟ್, ಇನ್ನೊಂದು ವೀಡಿಯೊ. ಎರಡನ್ನೂ ಬಿಡಿಸಿ, 5 ವೋಲ್ಟಿನದಕ್ಕೆ ಟೇಪ್ ಸುತ್ತಿ ಪಕ್ಕಕ್ಕಿಡಿ. ಟಿ.ವಿ. ಸಾಕೆಟ್ಟಿನ ನಡುಪಿನ್ನಿಗೆ ಡಬ್ಬಿಯೊಳಗೆ ಬೆಸೆದಿರುವುದನ್ನು ಬಿಡಿಸಿ, ಅಲ್ಲಿಗೆ ವೀಡಿಯೊ ತಂತಿಯನ್ನು 100 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂಲಕ ಕೊಡಿ. ಈಗ ಅದೇ ತೂತಿನಿಂದ ಟಿ.ವಿ.ಯ ಹಳದಿ ಸಾಕೆಟ್ಟಿಗೆ ನೇರ ತಂತಿ. ಡಬ್ಬಿಯನ್ನೇ ಕಿತ್ತೊಗೆಯುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮುಂದೆ ಯಾರಿಗಾದರೂ ಮೂಲಸ್ಥಿತಿಗೆ ತರಬೇಕೆನಿಸಿದರೆ ದಾರಿ ಇರಲಿ.

ಪರದೆ ಖಾಲಿ ಇದ್ದು, ಕೀಲಿ ಒತ್ತಿದಾಗ ಸಣ್ಣಗೆ ‘ಟಿಕ್’ ಎಂದು ಕೇಳಿಸಿದರೆ ಯಂತ್ರ ಬದುಕಿದೆ, ಕೆಟ್ಟಿರುವುದು ಚಿತ್ರದ ದಾರಿ ಮಾತ್ರ. ಈ ಟಿಕ್ ತುಂಬ ಮೆಲ್ಲಗಿನದು, ಫ್ಯಾನ್ ಆರಿಸಿ ಕೇಳಿ. ಚಿತ್ರವಿದ್ದು ಬಣ್ಣವಿಲ್ಲದಿದ್ದರೆ ಎಲ್ಎಂ1889 ಚಿಪ್ಪನ್ನೂ 4.43 ಮೆಗಾಹರ್ಟ್ಜ್ ಕ್ರಿಸ್ಟಲನ್ನೂ ಸಂಶಯಿಸಬೇಕು. ಆ ಚಿಪ್ಪಿಗೂ ಅದೇ 12 ವೋಲ್ಟ್ ಬೇಕು, ಮೊದಲು ಅದನ್ನು ನೋಡಿ.

ಪರದೆಯನ್ನು ಓದುವುದು

ಆರೋಗ್ಯವಾದ ಸ್ಪೆಕ್ಟ್ರಮ್ ಹಾಕಿದೊಡನೆ ಪರದೆ ಕಪ್ಪಾಗಿ, ಮರುಕ್ಷಣ ಬೆಳ್ಳಗಾಗಿ, ತಳದಲ್ಲಿ 1982ರ ಸಿಂಕ್ಲೇರ್ ರಿಸರ್ಚ್ ಹಕ್ಕುಸ್ವಾಮ್ಯದ ಸಾಲು ಮೂಡುತ್ತದೆ. ಆ ಕಪ್ಪಿನ ಕ್ಷಣದಲ್ಲಿ ಅದು ತನ್ನ ಮೆಮೊರಿಯನ್ನು ತಾನೇ ಬರೆದು ಓದಿ ಪರೀಕ್ಷಿಸಿಕೊಳ್ಳುತ್ತಿರುತ್ತದೆ.

ಗೆಳೆಯನ ಯಂತ್ರದಲ್ಲಿ ಆ ಸಾಲು ಬರಲಿಲ್ಲ. ಬಂದದ್ದು ಪರದೆಯುದ್ದಕ್ಕೂ ಸಮಾನ ಅಂತರದಲ್ಲಿ ನಿಂತ ಕೂದಲೆಳೆಯಂಥ ಲಂಬ ಗೆರೆಗಳು. ಎಣಿಸಿದೆ, ಮೂವತ್ತೆರಡು. ಅಷ್ಟಕ್ಕೇ ರೋಗ ಅರ್ಧ ಪತ್ತೆಯಾಯಿತು. ಪರದೆಯ ಅಡ್ಡ ಸಾಲಿನಲ್ಲಿ 256 ಚುಕ್ಕೆಗಳು, ಎಂಟೆಂಟು ಚುಕ್ಕೆಗೆ ಒಂದು ಅಕ್ಷರದ ಮನೆ, ಒಟ್ಟು 32 ಮನೆ. ಒಂದು ಮನೆಯ ಎಂಟು ಚುಕ್ಕೆ ಎಂದರೆ ಒಂದು ಬೈಟ್, ಆ ಬೈಟಿನ ಒಂದೊಂದು ಬಿಟ್ಟೂ ಒಂದೊಂದು 4116 ಚಿಪ್ಪಿನಲ್ಲಿದೆ. ಒಂದು ಚಿಪ್ಪು ಹಟ ಹಿಡಿದು ಒಂದೇ ಉತ್ತರ ಕೊಡುತ್ತಿದ್ದರೆ ಪ್ರತಿ ಮನೆಯಲ್ಲೂ ಅದೇ ಜಾಗದಲ್ಲಿ ಚುಕ್ಕೆ ನಿಲ್ಲುತ್ತದೆ, ಚುಕ್ಕೆಗಳು ಸೇರಿ ಗೆರೆಯಾಗುತ್ತವೆ. ಮನೆಯ ಎಡ ಅಂಚಿನ ಚುಕ್ಕೆ ಏಳನೆಯ ಬಿಟ್, ಅದು ಐಸಿ13. ಬಲ ಅಂಚಿನದು ಸೊನ್ನೆಯ ಬಿಟ್, ಐಸಿ6. ನಡುವಿನವು ಅದೇ ಕ್ರಮದಲ್ಲಿ. ಪರದೆಯ ಎಡತುದಿಯಿಂದ ಮೊದಲ ಗೆರೆ ಎಷ್ಟನೆಯ ಚುಕ್ಕೆಯಲ್ಲಿದೆ ಎಂದು ಭೂತಗನ್ನಡಿ ಹಿಡಿದು ಎಣಿಸಿದರೆ ಚಿಪ್ಪಿನ ಸಂಖ್ಯೆ ಸಿಗುತ್ತದೆ. ನಮ್ಮದು ಮೂರನೆಯ ಚುಕ್ಕೆ, ಅಂದರೆ ಐದನೆಯ ಬಿಟ್, ಐಸಿ11.

ಗೆರೆಗಳಿಲ್ಲದೆ ಕಪ್ಪು ಬಿಳಿ ಚೌಕಗಳ ಗೊಂದಲವೇ ತುಂಬಿದ್ದರೆ ಇಷ್ಟು ಸುಲಭವಿಲ್ಲ. ಮೂರೂ ವೋಲ್ಟೇಜ್ ಮತ್ತೊಮ್ಮೆ ಅಳೆಯಿರಿ. ಅವು ಸರಿಯಿದ್ದರೆ ಝಡ್80 ಪ್ರೊಸೆಸರಿನ 11ನೇ ಕಾಲಿನಲ್ಲಿ 5 ವೋಲ್ಟ್ ಇದೆಯೇ, 26ನೇ ಕಾಲಿನ ರಿಸೆಟ್ ಒಂದು ಕ್ಷಣ ಕೆಳಗಿದ್ದು ಮೇಲೇರುತ್ತದೆಯೇ ನೋಡಿ. ಸಾಕೆಟ್ಟಿನಲ್ಲಿ ಕೂತಿರುವ ಯುಎಲ್ಎ, ಯಂತ್ರದ ಮೂಲ ಪ್ರೋಗ್ರಾಮ್ ಇರುವ ರೋಮ್ ಚಿಪ್ಪು ಇವನ್ನು ಜೋಪಾನವಾಗಿ ಎತ್ತಿ, ಕಾಲು ಒರೆಸಿ, ಮತ್ತೆ ಒತ್ತಿ ಕೂರಿಸಿ. ಇದು ಮಂತ್ರವಾದದಂತೆ ಕಾಣುತ್ತದೆ, ಆದರೆ ಕೆಲವು ಸಲ ಇದೊಂದರಿಂದಲೇ ಯಂತ್ರ ಎದ್ದದ್ದುಂಟು. ಯುಎಲ್ಎ ಈ ಯಂತ್ರಕ್ಕಾಗಿಯೇ ಮಾಡಿದ ಚಿಪ್ಪು. ತೆಗೆಯುವಾಗ ಒಂದೇ ಕಡೆಯಿಂದ ಮೀಟಬೇಡಿ.

ಚಿಪ್ಪು ಬದಲಿಸುವಾಗ ಬೋರ್ಡನ್ನು ಉಳಿಸುವುದೇ ಮುಖ್ಯ. ಹಳೆಯ ಚಿಪ್ಪಿನ ಕಾಲುಗಳನ್ನು ಮೈಗೆ ಹತ್ತಿರ ಕತ್ತರಿಸಿ ಮೈ ತೆಗೆದುಬಿಡಿ. ಆಮೇಲೆ 25 ವ್ಯಾಟ್ ಸೋಲ್ಡರಿಂಗ್ ಐರನ್ ಹಿಡಿದು ಒಂದೊಂದೇ ಕಾಲನ್ನು ಬಿಸಿ ಮಾಡಿ ಚಿಮಟದಿಂದ ಎಳೆದು, ಕೊನೆಗೆ ಪಂಪಿನಿಂದ ತೂತು ಖಾಲಿ ಮಾಡಿ. ಇಡೀ ಚಿಪ್ಪನ್ನು ಒಟ್ಟಿಗೆ ಕೀಳಲು ಹೋದರೆ ತಾಮ್ರದ ಗೆರೆಗಳು ಬಾಳೆಯ ನಾರಿನಂತೆ ಎದ್ದು ಬರುತ್ತವೆ. ಜಾಗದಲ್ಲಿ ಸಾಕೆಟ್ ಹಾಕಿ, ಹೊಸ ಚಿಪ್ಪನ್ನು ಸಾಕೆಟ್ಟಿಗೆ ಕೂರಿಸಿ.

ಹಕ್ಕುಸ್ವಾಮ್ಯದ ಸಾಲು ಬಂತೆಂದು ಹಿಗ್ಗಬೇಡಿ, ಮೇಲಿನ 32 ಕೆ.ಬಿ. ಸತ್ತಿದ್ದರೂ ಅದು ಬರುತ್ತದೆ. ಪರೀಕ್ಷೆಗೆ ಯಂತ್ರದ ಪ್ರೋಗ್ರಾಮ್ ಭಾಷೆಯಾದ ಬೇಸಿಕ್‌ನಲ್ಲಿ ಒಂದೇ ಸಾಲು: ಪ್ರಿಂಟ್ ಪೀಕ್ 23732 + 256 * ಪೀಕ್ 23733. ಪ್ರಿಂಟ್ ಎಂಬುದು ‘ಪಿ’ ಕೀಲಿ ಒಂದನ್ನೇ ಒತ್ತಿದರೆ ಬರುತ್ತದೆ. ಪೀಕ್‌ಗೆ ಎರಡೂ ಶಿಫ್ಟ್ ಒಟ್ಟಿಗೆ ಒತ್ತಿ ಬಿಟ್ಟು ಆಮೇಲೆ ‘ಓ’ ಒತ್ತಬೇಕು. ಉತ್ತರ 65535 ಆದರೆ ಪೂರ್ತಿ 48 ಕೆ.ಬಿ. ಇದೆ. 32767 ಆದರೆ ಕೆಳಗಿನ 16 ಮಾತ್ರ. ನಡುವಿನ ಯಾವುದೋ ಸಂಖ್ಯೆಯಾದರೆ ಅಲ್ಲಿಗೆ ಬಂದು ಪರೀಕ್ಷೆ ಮುಗ್ಗರಿಸಿದೆ ಎಂದರ್ಥ. ಮೇಲಿನ ಮೆಮೊರಿ ಐಸಿ15ರಿಂದ ಐಸಿ22, ಅವಕ್ಕೆ 5 ವೋಲ್ಟ್ ಒಂದೇ ಸಾಕು.

ಕೀಲಿಗಳು

ಕೀಬೋರ್ಡಿನಲ್ಲಿ ನಲವತ್ತು ಕೀಲಿ, ತಂತಿಗಳು ಹದಿಮೂರೇ. ಒಂದು ಬಾಲದಲ್ಲಿ ಎಂಟು, ಇನ್ನೊಂದರಲ್ಲಿ ಐದು. ಯಾವ ಕೀಲಿಗಳು ಒಟ್ಟಿಗೆ ಸತ್ತಿವೆ ಎಂಬುದೇ ಮುರಿದ ಜಾಗ ತೋರಿಸುತ್ತದೆ. 1ರಿಂದ 5ರವರೆಗಿನ ಅರ್ಧ ಸಾಲು ಪೂರ್ತಿ ಸತ್ತಿದ್ದರೆ ಎಂಟರ ಬಾಲದ ಒಂದು ಗೆರೆ. ಸಾಲುಗಳ ಎರಡೂ ತುದಿಗಳು, ಅಂದರೆ 1, 0, ಕ್ಯೂ, ಪಿ, ಎ, ಎಂಟರ್, ಕ್ಯಾಪ್ಸ್ ಶಿಫ್ಟ್, ಸ್ಪೇಸ್ ಎಂಟೂ ಒಟ್ಟಿಗೆ ಸತ್ತಿದ್ದರೆ ಐದರ ಬಾಲದ್ದು. ಮುರಿದದ್ದು ತೀರ ತುದಿಯಲ್ಲಾದರೆ ನಾಲ್ಕು ಮಿಲಿಮೀಟರ್ ಕತ್ತರಿಸಿ ಮತ್ತೆ ಚುಚ್ಚಬಹುದು. ಅಂಟು, ಬೆಳ್ಳಿ ಬಣ್ಣ, ಟೇಪು ಎಲ್ಲ ಪ್ರಯೋಗ ಮಾಡಿ ಸೋತಿದ್ದೇನೆ. ಮೆಂಬ್ರೇನ್, ಅಂದರೆ ಕೀಲಿಗಳ ಕೆಳಗಿನ ಬಾಲಗಳಿರುವ ಪ್ಲಾಸ್ಟಿಕ್ ಹಾಳೆ, ಹೊಸದಾಗಿ ಇಂದಿಗೂ ತಯಾರಾಗುತ್ತದೆ, ತರಿಸಿಕೊಳ್ಳಿ.

ಕ್ಯಾಸೆಟ್

ಇಷ್ಟೆಲ್ಲ ಆಗಿ ಯಂತ್ರ ಎದ್ದ ಮೇಲೆ ‘ಲೆಕ್ಕ’ದ ಸರದಿ. ಹಳೆಯ ಕ್ಯಾಸೆಟ್ಟನ್ನು ನೇರವಾಗಿ ಲೋಡ್ ಮಾಡಲು ಹೋಗಬೇಡಿ. ಟೇಪು ಸುರುಳಿಗೆ ಅಂಟಿರುತ್ತದೆ, ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿ. ಪ್ಲೇಯರಿನ ಹೆಡ್ ಒರೆಸಿ. ಮೊದಲ ಓಟವನ್ನೇ ಲ್ಯಾಪ್‌ಟಾಪಿಗೆ ಡಬ್ಲ್ಯುಎವಿ ರೂಪದಲ್ಲಿ ರೆಕಾರ್ಡ್ ಮಾಡಿ, ಎಂಪಿ3 ಬೇಡ. ಟೇಪು ಎರಡನೆಯ ಸಲ ಓಡದೆಯೂ ಹೋಗಬಹುದು.

ಆ ರೆಕಾರ್ಡಿಂಗನ್ನು ಮೊಬೈಲಿಗೆ ಹಾಕಿ, ಇಯರ್‌ಫೋನ್ ತೂತಿನಿಂದ ಸ್ಪೆಕ್ಟ್ರಮ್‌ನ ಇಯರ್ ಸಾಕೆಟ್ಟಿಗೆ ತಂತಿ ಕೊಟ್ಟು, ಧ್ವನಿ ಪೂರ್ತಿ ಏರಿಸಿ ನುಡಿಸಬಹುದು. ಪರದೆಯ ಅಂಚಿನಲ್ಲಿ ಕೆಂಪು, ತಿಳಿನೀಲಿ ಪಟ್ಟೆ ಹರಿದರೆ ಯಂತ್ರ ಕೇಳಿಸಿಕೊಳ್ಳುತ್ತಿದೆ. ನೀಲಿ, ಹಳದಿಯಾದರೆ ಓದುತ್ತಿದೆ. ನಮಗೆ ಎರಡು ಸಲ ಟೇಪ್ ಲೋಡಿಂಗ್ ಎರರ್ ಬಂತು. ಪ್ಲೇಯರಿನ ಹೆಡ್ ಪಕ್ಕದ ಪುಟ್ಟ ಸ್ಕ್ರೂವನ್ನು, ಶಿಳ್ಳೆಯಂಥ ಧ್ವನಿ ಅತ್ಯಂತ ಚುರುಕಾಗಿ ಕೇಳುವವರೆಗೆ ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ರೆಕಾರ್ಡ್ ಮಾಡಿದೆ. ಮೂರನೆಯ ಸಲ ‘0 ಓಕೆ’ ಬಂತು.

ಗೆಳೆಯ ರನ್ ಕೀಲಿ ಒತ್ತಲು ಕೈ ಚಾಚಿದ. ಮತ್ತೆ ಅವನ ಕೈ ಹಿಡಿದೆ. ಸ್ಪೆಕ್ಟ್ರಮ್ ಪ್ರೋಗ್ರಾಮನ್ನು ಸೇವ್ ಮಾಡುವಾಗ ಅದರೊಳಗೆ ತುಂಬಿಸಿದ ಅಂಕಿಗಳನ್ನೂ ಜೊತೆಗೇ ಟೇಪಿಗೆ ಬರೆಯುತ್ತದೆ. ಆದರೆ ರನ್ ಎಂದರೆ ಆ ಅಂಕಿಗಳನ್ನೆಲ್ಲ ಒರೆಸಿ ಹೊಸದಾಗಿ ಶುರು ಮಾಡು ಎಂದು. ಯಾರದೋ ಹಳೆಯ ಪ್ರೋಗ್ರಾಮ್ ಸಿಕ್ಕಾಗ ಮೊದಲು ಲಿಸ್ಟ್ ಕೊಟ್ಟು ಓದಿ, ಅಂಕಿಗಳನ್ನು ಸಿದ್ಧಪಡಿಸುವ ಭಾಗ ಎಲ್ಲಿ ಮುಗಿಯುತ್ತದೆ ನೋಡಿ, ಅದರ ಮುಂದಿನ ಸಾಲಿಗೆ ‘ಗೋ ಟು’ ಕೊಡಬೇಕು. ನಮ್ಮದರಲ್ಲಿ ಅದು 200ನೇ ಸಾಲು.

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಪರದೆಯ ಮೇಲೆ ಮೂಡಿತು: ಯಾವ ತಿಂಗಳು? ಗೆಳೆಯ 12 ಒತ್ತಿದ. ಇಪ್ಪತ್ತು ಹೆಸರುಗಳು, ಮುಂದೆ ಕಟ್ಟಿದ ಹಣ, ಬಾಕಿ. ಅವರ ಬೀದಿಯವರೆಲ್ಲ ಸೇರಿ ನಡೆಸುತ್ತಿದ್ದ ಚೀಟಿಯ ಲೆಕ್ಕ. ತಾಯಿ ಕನ್ನಡಕ ಏರಿಸಿಕೊಂಡು ಟಿ.ವಿ.ಯ ಹತ್ತಿರ ಹೋಗಿ, ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತ ಬಂದು, ಹದಿನಾಲ್ಕನೆಯ ಸಾಲಿನಲ್ಲಿ ನಿಂತರು.

“ನೂರೈವತ್ತು ರೂಪಾಯಿ ಬಾಕಿ. ನೋಡಿದೆಯಾ, ನಾನು ಆವತ್ತೇ ಹೇಳಿದ್ದೆ.”